ಗಾಂಬೆತಾ ಮತ್ತು ಬಿಟ್ಟುಬಂದ ಪಾಲು

ನಮ್ಮ ಮನೆಯಿಂದ ಮೆಟ್ರೋಗೆ ಹೋಗುವ ದಾರಿಯಲ್ಲಿ ಒಂದು ಪಾರ್ಕ್ ಸಿಗುತ್ತದೆ. ಪ್ಯಾರಿಸ್ಸಿನ ಪೂರ್ವದ ತುದಿ ಇದು, 20ನೇ ವಿಭಾಗ. ಪೆರ್ ಲಾಶೇಜ್ ಸ್ಮಶಾನ ನೋಡೋಕೆ ಬರುವವರನ್ನು ಬಿಟ್ಟರೆ ಪ್ರವಾಸಿಗಳು ಈ ಕಡೆ ಸುಳಿಯೋದು ಕಡಿಮೆ. ಪಾರ್ಕಿನೊಳಗೆ ಒಂದು ದೊಡ್ಡ ಕಲ್ಲಿನ ಶಿಲ್ಪ ಇದೆ. ಮಧ್ಯದಲ್ಲಿ ಗಡ್ಡದ ಮನುಷ್ಯ, ಅವನ ಸುತ್ತ ಜನ. ಮಳೆ ಗಾಳಿಗೆ ಮೂಗು ಬೆರಳು ಸವೆದಿವೆ. ಮೊದಲು ಇದು ಲೂವ್ರ್ ಅರಮನೆಯ ಅಂಗಳದಲ್ಲಿತ್ತು, 1888ರಲ್ಲಿ ಭಾರಿ ಸಂಭ್ರಮದಿಂದ ನಿಲ್ಲಿಸಿದ್ದು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಊರನ್ನು ಹಿಡಿದಿದ್ದಾಗ ಅದರ ಕಂಚಿನ ಭಾಗಗಳೆಲ್ಲ ಕುಲುಮೆಗೆ ಹೋದವು. ಉಳಿದ ಕಲ್ಲನ್ನು 1982ರಲ್ಲಿ ತಂದು ಇಲ್ಲಿಟ್ಟರು. ಆ ಗಡ್ಡದ ಮನುಷ್ಯನೇ ಲಿಯೋನ್ ಗಾಂಬೆತಾ, ಹತ್ತೊಂಬತ್ತನೇ ಶತಮಾನದ ಫ್ರೆಂಚ್ ರಾಜಕಾರಣಿ. ನಾನು ದಿನಾ ರೈಲು ಹತ್ತುವ ಸ್ಟೇಷನ್ನಿಗೂ ಅವನ ಹೆಸರೇ. ನಮ್ಮ ಪ್ರತಿ ಊರಲ್ಲೂ ಒಂದು ಎಂ.ಜಿ. ರೋಡ್ ಇರುವ ಹಾಗೆ ಈ ದೇಶದ ಊರೂರಲ್ಲಿ ಒಂದು ಗಾಂಬೆತಾ ಬೀದಿ ಇದೆ.

ಆದರೆ ಪಾರ್ಕಿನ ಹೆಸರು ಬೇರೆ. ಅದು ಎದುವಾರ್ ವಾಯಾಂ ಎಂಬವನದು. 1871ರಲ್ಲಿ ಪ್ಯಾರಿಸ್ಸಿನ ಜನ ದಂಗೆ ಎದ್ದು ಕಟ್ಟಿಕೊಂಡ ಕಮ್ಯೂನ್ ಎಂಬ ಸರ್ಕಾರದ ನಾಯಕರಲ್ಲಿ ಇವನೂ ಒಬ್ಬ. ದಂಗೆ ಬಿದ್ದ ಮೇಲೆ ಲಂಡನ್ನಿಗೆ ಓಡಿಹೋದ, ಫ್ರಾನ್ಸ್ ಸರ್ಕಾರ ಅವನಿಲ್ಲದೆಯೇ ಮರಣದಂಡನೆ ಹೇಳಿತು, ಒಂಬತ್ತು ವರ್ಷ ಲಂಡನ್ನಿನಲ್ಲೇ ಇದ್ದ. 1880ರಲ್ಲಿ ಕ್ಷಮಾದಾನದ ಕಾನೂನು ಬಂದ ಮೇಲೆ ವಾಪಸ್ಸು ಬಂದು, ಮುಂದೆ ಇದೇ 20ನೇ ವಿಭಾಗದಿಂದ ಪಾರ್ಲಿಮೆಂಟಿಗೆ ಗೆದ್ದ. ಆ ಕಾನೂನು ಬರಲೇಬೇಕು ಎಂದು ಸದನದಲ್ಲಿ ಎದ್ದು ನಿಂತು ವಾದ ಮಾಡಿದವನು ಗಾಂಬೆತಾ. ಆದರೆ ವಾಯಾಂನ ಜೊತೆಗಾರರನ್ನು ಇದೇ ಬೀದಿಗಳಲ್ಲಿ ಗುಂಡಿಟ್ಟು ಕೊಲ್ಲುವಾಗ ಅದೇ ಗಾಂಬೆತಾ ಬಾಯಿ ಬಿಚ್ಚಿರಲಿಲ್ಲ. ಈ ಎರಡು ಹೆಸರೂ ಒಂದೇ ಪಾರ್ಕಿನಲ್ಲಿವೆ. ನಾಲ್ಕು ವರ್ಷದಿಂದ ನಾನು ಅದನ್ನು ದಾಟಿ ಹೋಗುತ್ತಿದ್ದೇನೆ. ಇತ್ತೀಚೆಗೆ ಸುಮ್ನೆ ದಾಟೋಕೆ ಆಗುತ್ತಿಲ್ಲ.

ಅದಕ್ಕೆ ಕಾರಣ ಒಂದು ಪದ. ಗಾಂಬೆತಾ ಮತ್ತು ಅವನ ಗೆಳೆಯರನ್ನು ಅವರ ಕಾಲದವರು 'ಒಪೋರ್ತ್ಯುನಿಸ್ತ್' ಎಂದು ಕರೆದರು. ಬೈಗುಳವಾಗಿ ಶುರುವಾದದ್ದು, ಆಮೇಲೆ ಆ ಪಕ್ಷದ ಹೆಸರೇ ಆಯಿತು. ಕಾಲ ಕೂಡಿಬರುವ ತನಕ ಕಾಯೋಣ, ಇವತ್ತು ಎಷ್ಟು ಆಗುತ್ತೋ ಅಷ್ಟು ಮಾಡೋಣ ಅನ್ನುವವರು. ನಮ್ಮ ಭಾಷೆಯಲ್ಲಿ ಇದಕ್ಕೆ ಸರಿಯಾದ ಪದ ಇದೆ: ಸಮಯಸಾಧಕ. ಬಿಡಿಸಿ ನೋಡಿದರೆ ಅದರಲ್ಲಿ ಕೆಟ್ಟದ್ದೇನೂ ಇಲ್ಲ. ಸಮಯ, ಸಾಧಕ. ಸಾಧಕ ಅಂದರೆ ನಾವು ಕೈ ಮುಗಿಯುತ್ತೇವೆ. ಸಮಯ ಸೇರಿಸಿದ ಕೂಡಲೇ ಅದು ಬೈಗುಳ ಆಗುತ್ತದೆ. ಈ ಪದವನ್ನು ನಾನು ಒಬ್ಬರ ಮುಖಕ್ಕೆ ಹೇಳಿದ್ದೇನೆ. ಜೋರಾಗಿ, ಇನ್ನೂರು ಜನರ ಮಧ್ಯೆ.

ಹಾಸ್ಟೆಲ್ಲಿನ ಆ ರಾತ್ರಿ

ಧಾರವಾಡದಲ್ಲಿ ಓದುತ್ತಿದ್ದಾಗಿನ ಮಾತು. ಹಾಸ್ಟೆಲ್ ಯಾವುದು ಎಂದು ಹೇಳುವುದು ಬೇಡ. ನೀರು ಎರಡು ದಿನಕ್ಕೊಮ್ಮೆ ಬರುತ್ತಿತ್ತು, ಮೆಸ್ ಬಿಲ್ಲಿಗೆ ಲೆಕ್ಕ ಇರಲಿಲ್ಲ. ಇದೆಲ್ಲದರ ಮೇಲೆ ಒಂದು ದಿನ ಮೊದಲ ವರ್ಷದ ಹುಡುಗನೊಬ್ಬನಿಗೆ ವಾರ್ಡನ್ ಎಲ್ಲರೆದುರು ಕಪಾಳಕ್ಕೆ ಹೊಡೆದಿದ್ದರು. ನಾವು ಊಟ ಬಿಟ್ಟು ಕೂತೆವು. ಮೂರು ಬೇಡಿಕೆ: ನೀರು, ಲೆಕ್ಕ, ಆ ಹುಡುಗನ ಮುಂದೆ ಕ್ಷಮೆ. ನಮ್ಮ ಮುಂದಾಳು ಒಬ್ಬ ಸೀನಿಯರ್. ಎಲ್ಲರೂ ಅವನನ್ನು ಅಣ್ಣಾ ಅಂತಲೇ ಕರೆಯುತ್ತಿದ್ದೆವು. ಮಾತಿಗೆ ನಿಂತರೆ ಕೇಳುವವರ ಮೈ ಝುಮ್ಮೆನ್ನುತ್ತಿತ್ತು. ಮೂರನೇ ದಿನ ರಾತ್ರಿ ಅವನನ್ನು ಒಳಗೆ ಕರೆದರು. ಎರಡು ತಾಸು ಆದ ಮೇಲೆ ಹೊರಗೆ ಬಂದ. ಕೈಯಲ್ಲಿ ಒಂದು ಹಾಳೆ ಇತ್ತು. "ನೀರು ನಾಳಿಂದ ಬರ್ತದ. ಮೆಸ್ಸಿಗೆ ಹುಡುಗರದ ಕಮಿಟಿ ಮಾಡ್ತಾರ. ಮೂರನೇದು ಈಗ ಆಗಂಗಿಲ್ಲ, ಮುಂದ ನೋಡೂಣು. ಏಳ್ರಿ, ಉಣ್ರಿ" ಅಂದ. ಹಿಂದಿನಿಂದ ಯಾರೋ ಕೂಗಿದರು. ಆಮೇಲೆ ಎಲ್ಲರೂ ಕೂಗಿದೆವು. ನಾನು ಮುಂದಿನ ಸಾಲಿನಲ್ಲಿದ್ದೆ, ಅವನ ಮುಖ ನನಗೆ ಕಾಣುತ್ತಿತ್ತು. ಹಾಳೆಯನ್ನು ನಾಲ್ಕು ಮಡಿಕೆ ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡ, ಮೆಟ್ಟಿಲು ಇಳಿದು ಹೋದ. ಕಪಾಳಕ್ಕೆ ಏಟು ತಿಂದ ಹುಡುಗ ಮಾತ್ರ ಕೂಗಲಿಲ್ಲ. ಅವನು ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ.

ಮರುದಿನ ನಲ್ಲಿಯಲ್ಲಿ ನೀರು ಬಂತು. ನಾವೆಲ್ಲ ಸ್ನಾನ ಮಾಡಿದೆವು.

ಅಂಗಡಿಯ ಮಗ

ಗಾಂಬೆತಾ ಹುಟ್ಟಿದ್ದು 1838ರಲ್ಲಿ, ದಕ್ಷಿಣ ಫ್ರಾನ್ಸಿನ ಕಾಓರ್ ಎಂಬ ಸಣ್ಣ ಊರಲ್ಲಿ. ಅಪ್ಪ ಇಟಲಿಯ ಕಡೆಯಿಂದ ಬಂದು ಕಿರಾಣಿ ಮತ್ತು ಪಿಂಗಾಣಿ ಅಂಗಡಿ ಇಟ್ಟವನು. ಮಗ ಗಲ್ಲಾದ ಮೇಲೆ ಕೂರಲಿ ಎಂದು ಅವನ ಆಸೆ. ಚಿಕ್ಕವನಿದ್ದಾಗಲೇ ಒಂದು ಅಪಘಾತದಲ್ಲಿ ಬಲಗಣ್ಣು ಹೋಯಿತು. ಅದಕ್ಕೇ ಅವನ ಫೋಟೋಗಳಲ್ಲಿ ಹೆಚ್ಚಿನವು ಎಡಗಡೆಯಿಂದ ತೆಗೆದವು. ಅವನು ಲಾಯರ್ ಓದೋಕೆ ಪ್ಯಾರಿಸ್ಸಿಗೆ ಬಂದಿದ್ದು ಅಪ್ಪನ ಮನಸ್ಸಿಗೆ ವಿರುದ್ಧವಾಗಿ. ತಾಯಿ ಮತ್ತು ತಾಯಿಯ ಸೋದರಿ ಬೆನ್ನಿಗೆ ನಿಂತರು. ಆ ಸೋದರಿ ಪ್ಯಾರಿಸ್ಸಿಗೇ ಬಂದು ವರ್ಷಗಟ್ಟಲೆ ಅವನ ಮನೆ ನೋಡಿಕೊಂಡಳು. ಅವಳನ್ನು ಅವನು 'ತಾತಾ' ಎಂದು ಕರೆಯುತ್ತಿದ್ದ. ನಮ್ಮ ಕಿವಿಗೆ ಅದು ಅಜ್ಜನನ್ನು ಕರೆದ ಹಾಗೆ ಕೇಳುತ್ತದೆ, ಆದರೆ ಕರುಳು ಅದೇ.

ಆಗ ಮೂರನೇ ನೆಪೋಲಿಯನ್ನನ ಆಳ್ವಿಕೆ. 1851ರ ಡಿಸೆಂಬರ್ 2ರಂದು ಅವನು ರಾತ್ರೋರಾತ್ರಿ ಗಣರಾಜ್ಯವನ್ನು ಮುಗಿಸಿ ಅಧಿಕಾರ ಹಿಡಿದಿದ್ದ. ಮರುದಿನ ಬೋದಾಂ ಎಂಬ ಜನಪ್ರತಿನಿಧಿ ಬೀದಿಯ ತಡೆಗೋಡೆಯ ಮೇಲೆ ಗುಂಡು ತಿಂದು ಸತ್ತ. ಹದಿನೇಳು ವರ್ಷ ಆದ ಮೇಲೆ, 1868ರಲ್ಲಿ, ಅವನಿಗೊಂದು ಸ್ಮಾರಕ ಕಟ್ಟೋಣ ಎಂದು ಕೆಲವು ಪತ್ರಿಕೆಗಳು ಚಂದಾ ಎತ್ತಿದವು. ಸರ್ಕಾರ ಕೇಸು ಹಾಕಿತು. ದೆಲೆಕ್ಲೂಸ್ ಎಂಬ ಹಳೆಯ ಹೋರಾಟಗಾರ ಸಂಪಾದಕನ ಪರವಾಗಿ ಮೂವತ್ತು ವರ್ಷದ ಗಾಂಬೆತಾ ನಿಂತ. ಕಕ್ಷಿದಾರನ ತಪ್ಪು ಒಪ್ಪುಗಳ ಮಾತನ್ನು ಅವನು ಪಕ್ಕಕ್ಕೆ ಸರಿಸಿ, ಆಳುವವರನ್ನೇ ಕಟಕಟೆಗೆ ಎಳೆದ. ಹದಿನೇಳು ವರ್ಷದಿಂದ ಈ ದೇಶದ ಒಡೆಯರಾಗಿದ್ದೀರಿ, ಆದರೂ ಡಿಸೆಂಬರ್ 2 ನಮ್ಮ ಹಬ್ಬ ಎಂದು ಹೇಳುವ ಧೈರ್ಯ ನಿಮಗೆ ಬಂದಿಲ್ಲ, ಆ ದಿನವನ್ನು ಇನ್ನು ನಾವು ತಗೊಳ್ಳುತ್ತೇವೆ, ಸತ್ತವರ ನೆನಪಿಗೆ. ಅವನು ಹೇಳಿದ್ದರ ಸಾರ ಇದು. ಕೇಸು ಸೋತ. ಆದರೆ ಒಂದೇ ದಿನಕ್ಕೆ ಪ್ಯಾರಿಸ್ಸಿಗೆಲ್ಲ ಅವನ ಹೆಸರು ಗೊತ್ತಾಯಿತು.

ಮುಂದಿನ ವರ್ಷ ಚುನಾವಣೆ. ಬೆಲ್‌ವಿಲ್ ಅಂದರೆ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ, ಆಗ ಅದು ಕೂಲಿಕಾರರ ಕೇರಿ. ಅಲ್ಲಿನ ಮತದಾರರು ಒಂದು ಬೇಡಿಕೆ ಪಟ್ಟಿ ಬರೆದು ಅವನ ಕೈಗೆ ಕೊಟ್ಟರು. ಎಲ್ಲರಿಗೂ ನಿಜವಾದ ಮತದ ಹಕ್ಕು, ಪತ್ರಿಕೆಗೆ ಸ್ವಾತಂತ್ರ್ಯ, ಸಭೆ ಸೇರುವ ಸ್ವಾತಂತ್ರ್ಯ, ಸಂಘ ಕಟ್ಟುವ ಸ್ವಾತಂತ್ರ್ಯ, ಚರ್ಚನ್ನು ಸರ್ಕಾರದಿಂದ ಬೇರೆ ಮಾಡುವುದು, ಮಕ್ಕಳಿಗೆ ಪುಕ್ಕಟೆ, ಕಡ್ಡಾಯ, ಧರ್ಮದ ಹಂಗಿಲ್ಲದ ಶಾಲೆ, ಕಾಯಂ ಸೈನ್ಯದ ರದ್ದತಿ. ಗಾಂಬೆತಾ ಅದನ್ನು ಒಪ್ಪಿ, ಇದು ನಮ್ಮ ನಿಮ್ಮ ನಡುವಿನ ಕರಾರು ಎಂದ. ಆ ಸಲ ಅವನು ಮಾರ್ಸೇಯಲ್ಲೂ ಗೆದ್ದು ಆ ಸೀಟನ್ನೇ ಉಳಿಸಿಕೊಂಡ ಎನ್ನುವುದು ನಿಜ. ಆದರೆ ಕರಾರು ಆಗಿದ್ದು ಈ ಕೇರಿಯ ಜೊತೆ. ಅದನ್ನು ಕೇರಿ ಮರೆಯಲಿಲ್ಲ.

ಮೋಮಾರ್ತ್ ಗುಡ್ಡದಿಂದ ಹಾರಿದ ದಿನ

ಈ ಕಥೆ ಫ್ರಾನ್ಸಿನಲ್ಲಿ ಎಲ್ಲರಿಗೂ ಗೊತ್ತು, ಮಕ್ಕಳಿಗೂ ಗೊತ್ತು. ಆದರೂ ಇದನ್ನು ಬಿಟ್ಟು ಮುಂದೆ ಹೋಗೋಕೆ ನನಗೆ ಮನಸ್ಸಿಲ್ಲ. 1870ರ ಸೆಪ್ಟೆಂಬರ್ ಹೊತ್ತಿಗೆ ನೆಪೋಲಿಯನ್ ಪ್ರಷ್ಯಾ ಎಂಬ ಜರ್ಮನ್ ರಾಜ್ಯದ ಮೇಲೆ ಯುದ್ಧಕ್ಕೆ ಹೋಗಿ ಸೆದಾಂನಲ್ಲಿ ಸೆರೆಯಾಗಿದ್ದ. ಸೆಪ್ಟೆಂಬರ್ 4ರಂದು ಪ್ಯಾರಿಸ್ಸಿನಲ್ಲಿ ಗಣರಾಜ್ಯ ಘೋಷಣೆ ಆಯಿತು, ಗಾಂಬೆತಾ ಗೃಹಮಂತ್ರಿಯಾದ. ಎರಡೇ ವಾರದಲ್ಲಿ ಪ್ರಷ್ಯಾದ ಸೈನ್ಯ ಊರನ್ನು ಸುತ್ತುವರಿಯಿತು. ಒಳಗಿನವರು ಒಳಗೆ, ಹೊರಗಿನವರು ಹೊರಗೆ. ಹೊರಗಿನ ದೇಶವನ್ನು ಎಬ್ಬಿಸಿ ಸೈನ್ಯ ಕಟ್ಟೋಕೆ ಯಾರಾದರೂ ಹೋಗಬೇಕಿತ್ತು. ನೆಲದ ಮೇಲೆ ದಾರಿ ಇಲ್ಲ. ಉಳಿದದ್ದು ಆಕಾಶ.

ಅಕ್ಟೋಬರ್ 7ರ ಬೆಳಗ್ಗೆ, ಮೋಮಾರ್ತ್ ಗುಡ್ಡದ ಬುಡದ ಸಾಂ ಪಿಯೇರ್ ಚೌಕ. ಈಗ ಅಲ್ಲಿ ಬಿಳಿ ಚರ್ಚಿನ ಕೆಳಗೆ ಮಕ್ಕಳು ಆಡುವ ತಿರುಗುಕುದುರೆ ಇದೆ, ಬಟ್ಟೆ ಅಂಗಡಿಗಳಿವೆ. ಆ ದಿನ ಅಲ್ಲಿ ಗ್ಯಾಸ್ ತುಂಬಿದ ಬಲೂನು ನಿಂತಿತ್ತು. ನೋಡೋಕೆ ಬಂದಿದ್ದವರಲ್ಲಿ ವಿಕ್ಟರ್ ಹ್ಯೂಗೋ ಕೂಡ ಇದ್ದ, ಕಂಡದ್ದನ್ನು ಬರೆದಿಟ್ಟಿದ್ದಾನೆ. ಗಾಂಬೆತಾ ಒಂದು ಕಲ್ಲಿನ ಮೇಲೆ ಕೂತು ತುಪ್ಪಳದ ಬೂಟು ಹಾಕಿಕೊಂಡ. ಹೆಗಲಿಗೆ ಚರ್ಮದ ಚೀಲ ಇತ್ತು. ಅದನ್ನು ತೆಗೆದ, ಬುಟ್ಟಿಯೊಳಗೆ ಇಳಿದ. ಬಲೂನು ನಡೆಸುವ ಹುಡುಗ ಆ ಚೀಲವನ್ನು ಅವನ ತಲೆಯ ಮೇಲಿನ ಹಗ್ಗಕ್ಕೆ ಕಟ್ಟಿದ. ನನಗೆ ಆ ಬೂಟಿನ ವಿವರ ಬಹಳ ಇಷ್ಟ. ದೇಶದ ಕಥೆ ಅದೇ ಹೊತ್ತಿಗೆ ಮಗುಚಿ ಬೀಳುತ್ತಿದೆ. ಆದರೂ ಆ ಮನುಷ್ಯ ಕಲ್ಲಿನ ಮೇಲೆ ಕೂತು ಒಂದೊಂದೇ ಬೂಟು ಏರಿಸಿಕೊಳ್ಳಬೇಕು, ಮೇಲೆ ಚಳಿ ಇರುತ್ತದಲ್ಲ. ಮೂವತ್ತೆರಡು ವರ್ಷ, ಮೊದಲ ಸಲ ಬಲೂನು ಹತ್ತುತ್ತಿದ್ದಾನೆ, ಮುಖ ಬಿಳಿಚಿತ್ತಂತೆ. ಜೊತೆಗೆ ಸ್ಪುಲೇರ್ ಎಂಬ ಗೆಳೆಯ. ದಾರಿಯಲ್ಲಿ ಪ್ರಷ್ಯಾದವರು ಗುಂಡು ಹಾರಿಸಿದರು, ಒಂದು ಗುಂಡು ಗಾಂಬೆತಾನ ಕೈ ಸವರಿಕೊಂಡು ಹೋಯಿತು. ಮಧ್ಯಾಹ್ನ ಎಪಿನೂಜ್ ಎಂಬ ಹಳ್ಳಿಯ ಹತ್ತಿರ ಬಲೂನು ಓಕ್ ಮರಕ್ಕೆ ಸಿಕ್ಕಿಕೊಂಡಿತು. ಹಳ್ಳಿಯವರು ಇಳಿಸಿದರು. ಎರಡು ದಿನದಲ್ಲಿ ತೂರ್ ಪಟ್ಟಣ ಮುಟ್ಟಿದ. ಯುದ್ಧಮಂತ್ರಿಯ ಕೆಲಸವನ್ನೂ ತಾನೇ ತಗೊಂಡ.

ಮುಂದಿನ ನಾಲ್ಕು ತಿಂಗಳಲ್ಲಿ ಅವನು ಮತ್ತು ಫ್ರೆಸಿನೆ ಎಂಬ ಎಂಜಿನಿಯರ್ ಸೇರಿ ಲಕ್ಷಗಟ್ಟಲೆ ಜನರನ್ನು ಸೇರಿಸಿ, ಬಟ್ಟೆ ಬಂದೂಕು ಹೊಂದಿಸಿ, ಹೊಸ ಸೈನ್ಯ ಕಟ್ಟಿದರು. ನವೆಂಬರ್ 9ರಂದು ಕೂಲ್ಮಿಯೇ ಎಂಬಲ್ಲಿ ಗೆದ್ದರು, ಓರ್ಲೆಯಾಂ ಮತ್ತೆ ಕೈಗೆ ಬಂತು. ಆದರೆ ಅದಕ್ಕೆ ಮೊದಲೇ ಮೆಸ್ ಕೋಟೆಯಲ್ಲಿದ್ದ ಸೇನಾಪತಿ ಬಜೇನ್ ತನ್ನ ದೊಡ್ಡ ಸೈನ್ಯದ ಜೊತೆ ಶರಣಾಗಿದ್ದ. ಅಲ್ಲಿಂದ ಬಿಡುವಾದ ಜರ್ಮನ್ ಪಡೆ ಇತ್ತ ತಿರುಗಿತು. ಡಿಸೆಂಬರಿನಲ್ಲಿ ಓರ್ಲೆಯಾಂ ಮತ್ತೆ ಹೋಯಿತು. ಜನವರಿ ಕೊನೆಗೆ ಹಸಿದ ಪ್ಯಾರಿಸ್ ಕದನವಿರಾಮಕ್ಕೆ ಸಹಿ ಹಾಕಿತು. ಗಾಂಬೆತಾ ಇನ್ನೂ ಕಾದಾಡೋಣ ಅನ್ನುತ್ತಿದ್ದ. ಯಾರೂ ಕೇಳಲಿಲ್ಲ, ರಾಜೀನಾಮೆ ಕೊಟ್ಟ. ಹಿರಿಯ ರಾಜಕಾರಣಿ ತಿಯೇರ್ ಅವನದನ್ನು ಹುಚ್ಚರ ರಾಜಕಾರಣ ಎಂದ. ಆಲ್ಸೇಸ್ ಲೊರೇನ್ ಪ್ರಾಂತ್ಯಗಳನ್ನು ಬಿಟ್ಟುಕೊಡುವ ಒಪ್ಪಂದ ಬಂದಾಗ ಅಲ್ಲಿನ ಪ್ರತಿನಿಧಿಗಳ ಜೊತೆ ಗಾಂಬೆತಾ ಸಭೆಯಿಂದ ಎದ್ದು ಹೋದ.

ಇಲ್ಲಿ ತನಕ ಅವನನ್ನು ಸಮಯಸಾಧಕ ಅನ್ನೋಕೆ ಯಾರಿಗೂ ಬಾಯಿ ಬರಲಾರದು. ಮುಂದಿನ ಎರಡು ತಿಂಗಳು ಬೇರೆ.

ಗೋಡೆ

1871ರ ಮಾರ್ಚ್ 18ರಂದು ಪ್ಯಾರಿಸ್ ದಂಗೆ ಎದ್ದು ಕಮ್ಯೂನ್ ಕಟ್ಟಿಕೊಂಡಿತು. ಬೆಲ್‌ವಿಲ್ ಅದರ ಎದೆ. ಮೇ ತಿಂಗಳ ಕೊನೆಯ ವಾರ, ಆಗ ಸರ್ಕಾರದ ಮುಖ್ಯಸ್ಥನಾಗಿದ್ದ ತಿಯೇರ್‌ನ ಸೈನ್ಯ ಒಳಗೆ ನುಗ್ಗಿ ಸಾವಿರಾರು ಜನರನ್ನು ಕೊಂದಿತು. ಪೆರ್ ಲಾಶೇಜ್ ಸ್ಮಶಾನದ ಒಂದು ಗೋಡೆಗೆ 147 ಜನರನ್ನು ನಿಲ್ಲಿಸಿ ಗುಂಡು ಹೊಡೆದರು. ಗಾಂಬೆತಾ ಹೆಸರಿನ ಚೌಕದಿಂದ ಸ್ಮಶಾನದ ಒಳಗೇ ನಡೆದರೆ ಆ ಗೋಡೆ ದೂರವಿಲ್ಲ. ಬಳ್ಳಿ ಹಬ್ಬಿದೆ, ಒಂದು ಕಲ್ಲಿನ ಫಲಕ ಇದೆ, ವರ್ಷವಿಡೀ ಯಾರೋ ಕೆಂಪು ಹೂವು ಇಟ್ಟಿರುತ್ತಾರೆ. ನ್ಯಾಯಾಲಯದಲ್ಲಿ ಗಾಂಬೆತಾ ಯಾರ ಪರ ನಿಂತು ಹೆಸರು ಮಾಡಿದನೋ ಆ ದೆಲೆಕ್ಲೂಸ್ ಮೇ 25ರಂದು ಬೀದಿಯ ತಡೆಗೋಡೆ ಹತ್ತಿ, ಗುಂಡಿಗೆ ಎದೆ ಕೊಟ್ಟು ಸತ್ತ. ಬೋದಾಂ ಸತ್ತ ಹಾಗೇ.

ಆಗ ಗಾಂಬೆತಾ ಎಲ್ಲಿದ್ದ? ಸ್ಪೇನಿನ ಸಾನ್ ಸೆಬಾಸ್ಟಿಯನ್‌ನಲ್ಲಿ, ಸಮುದ್ರದ ದಂಡೆಯಲ್ಲಿ. ಆರೋಗ್ಯ ಕೆಟ್ಟಿತ್ತು, ದಣಿದಿದ್ದ, ಅದೆಲ್ಲ ಸರಿ. ಅವನು ಕಮ್ಯೂನನ್ನು ಒಪ್ಪಿರಲಿಲ್ಲ, ತಿಯೇರ್‌ನ ಮೇಲೂ ಪ್ರೀತಿ ಇರಲಿಲ್ಲ. ಬಂದಿದ್ದರೆ ಏನು ಮಾಡಬಹುದಿತ್ತು ಎಂದು ಕೇಳಿದರೆ ನನ್ನಲ್ಲಿ ಉತ್ತರ ಇಲ್ಲ. ಆದರೆ ಅವನ ಬಗ್ಗೆ ಓದುವಾಗಲೆಲ್ಲ ನಾನು ಈ ಎರಡು ತಿಂಗಳ ಹತ್ತಿರ ಬಂದು ನಿಲ್ಲುತ್ತೇನೆ. ಅಷ್ಟು ಮಾತಿನ ಮನುಷ್ಯ, ಅಷ್ಟು ದಿನ ಮೌನ. ಆ ಮೌನದಿಂದಲೇ ಮುಂದೆ ಅವನಿಗೆ ಹಳ್ಳಿಯ ರೈತರ, ಸಣ್ಣ ಊರಿನ ವ್ಯಾಪಾರಿಗಳ ಮತ ಸಿಕ್ಕಿತು ಅನ್ನುವುದೂ ನಿಜ. ಕೈಗೆ ರಕ್ತ ಹತ್ತದೆ ವಾಪಸ್ಸು ಬಂದವನು ಅವನು.

ಒಂದೇ ಒಂದು ಮತ

ಜೂನ್ ಕೊನೆಗೆ ಬಂದವನು ಬೇರೆಯೇ ಮನುಷ್ಯ. ಪತ್ರಿಕೆ ಶುರು ಮಾಡಿದ. ಊರೂರು ಸುತ್ತಿದ. ಗಣರಾಜ್ಯದ ಸೇಲ್ಸ್‌ಮನ್ ಅಂತ ಹೆಸರು ಬಂತು, ಅಂಗಡಿಯವನ ಮಗನಿಗೆ ಅದರಲ್ಲಿ ನಾಚಿಕೆ ಕಾಣಲಿಲ್ಲ. 1872ರಲ್ಲಿ ಗ್ರೆನೋಬ್ಲ್ ಊರಿನಲ್ಲಿ ಅವನು ಹೇಳಿದ್ದು: ರಾಜಕಾರಣಕ್ಕೆ ಹೊಸ ಪದರದ ಜನ ಬರುತ್ತಿದ್ದಾರೆ. ಮೇಷ್ಟ್ರು, ಪಶುವೈದ್ಯ, ಸಣ್ಣ ಹಿಡುವಳಿದಾರ, ಅಂಗಡಿಯವನು, ಇಂಥವರೆಲ್ಲ ಅವನ ಮನಸ್ಸಿನಲ್ಲಿದ್ದರು ಅನ್ನಿಸುತ್ತದೆ. ಜಮೀನ್ದಾರರಿಗೆ ಆ ಮಾತು ಬೆಂಕಿ ಹಚ್ಚಿದ ಹಾಗಾಯಿತು.

ಆದರೆ ಆಗಿನ ಸಭೆಯಲ್ಲಿ ರಾಜನನ್ನು ವಾಪಸ್ಸು ತರಬೇಕು ಅನ್ನುವವರೇ ಜಾಸ್ತಿ. ಯಾವ ರಾಜಮನೆತನದವನನ್ನು ತರುವುದು, ಯಾವ ಬಾವುಟ ಹಾರಿಸುವುದು ಎಂದು ಅವರಲ್ಲೇ ಜಗಳ. ಆ ಸಂದಿಯಲ್ಲಿ ಗಣರಾಜ್ಯ ನುಸುಳಬೇಕಿತ್ತು. ಅದಕ್ಕೆ ಬೆಲೆ ಇತ್ತು. ಮೇಲ್ಮನೆ ಬೇಕು, ಏಳು ವರ್ಷದ ಅಧ್ಯಕ್ಷ ಬೇಕು. ಗಣರಾಜ್ಯವಾದಿಗಳು ಜೀವನವಿಡೀ ಬೇಡ ಅಂದದ್ದೆಲ್ಲ ಅದರಲ್ಲಿತ್ತು. ಲೂಯಿ ಬ್ಲಾಂನಂಥ ಹಿರಿಯ ಸಮಾಜವಾದಿಗಳಿಗೆ ಇದು ನುಂಗಲಾರದ ತುತ್ತು. ಗಾಂಬೆತಾ ಒಬ್ಬೊಬ್ಬರ ಹತ್ತಿರ ಹೋಗಿ ಮಾತಾಡಿದ, ಒಪ್ಪಿಸಿದ, ಬೇಡಿಕೊಂಡ. 1875ರ ಜನವರಿ 30ರಂದು ವಲೋಂ ಎಂಬ ಪ್ರೊಫೆಸರ್ ತಂದ ತಿದ್ದುಪಡಿ ಮತಕ್ಕೆ ಬಂತು. ಗಣರಾಜ್ಯದ ಅಧ್ಯಕ್ಷನನ್ನು ಎರಡೂ ಸದನ ಸೇರಿ ಆರಿಸಬೇಕು ಅನ್ನುವ ಒಂದು ಸಪ್ಪೆ ವಾಕ್ಯ. ಪರ 353, ವಿರೋಧ 352. ಒಂದು ಮತ! ಬಂದೂಕಿಲ್ಲ, ಬಾವುಟವಿಲ್ಲ, ಹಾಡಿಲ್ಲ. ಆ ವಾಕ್ಯದಲ್ಲಿದ್ದ 'ಗಣರಾಜ್ಯದ ಅಧ್ಯಕ್ಷ' ಅನ್ನುವ ಪದಗಳ ಮೇಲೆ ನಿಂತ ವ್ಯವಸ್ಥೆ 1940ರ ತನಕ ಬಾಳಿತು. ಫ್ರಾನ್ಸಿನಲ್ಲಿ ಅದಕ್ಕೆ ಮೊದಲು ಅಷ್ಟು ಕಾಲ ಬಾಳಿದ ಗಣರಾಜ್ಯ ಬೇರೆ ಇರಲಿಲ್ಲ.

ಕೆಲವು ವಾರ ಬಿಟ್ಟು ಅವನು ಬೆಲ್‌ವಿಲ್ಲಿಗೆ ಬಂದು ತನ್ನ ಜನಕ್ಕೆ ಲೆಕ್ಕ ಒಪ್ಪಿಸಿದ. ಮೇಲ್ಮನೆ ಏಕೆ ಒಪ್ಪಿದೆ ಎಂದು ವಿವರಿಸಿದ. ಅದನ್ನು ಫ್ರಾನ್ಸಿನ ಹಳ್ಳಿ ಪಟ್ಟಣಗಳ ಮಹಾಸಭೆ ಎಂದು ಕರೆದ. ಈ ಸಲ ಜನ ಕೇಳಿದರು, ಚಪ್ಪಾಳೆ ತಟ್ಟಿದರು. ಬಾಗಿಲು ಮುಚ್ಚಿ ಆಡಿದ ಆಟ ಅಲ್ಲ ಅದು. ಏನು ಕೊಟ್ಟೆ, ಏನು ತಗೊಂಡೆ ಎಂದು ಅವರೆದುರು ನಿಂತು ಹೇಳಿದ. ಈ ಗುಣಕ್ಕೆ ನಾನು ಅವನಿಗೆ ಮನಸೋತಿದ್ದೇನೆ.

1877 ಅವನ ಅತ್ಯುತ್ತಮ ವರ್ಷ ಅನ್ನಬೇಕು. ಅಧ್ಯಕ್ಷನಾಗಿದ್ದ ಸೇನಾಪತಿ ಮಕ್‌ಮಾವೋಂ ಮೇ 16ರಂದು ಪ್ರಧಾನಿಯನ್ನು ಮನೆಗೆ ಕಳಿಸಿದ. ಆಮೇಲೆ ಸದನವನ್ನೇ ವಿಸರ್ಜಿಸಿದ. ಎದುರು ನಿಂತ 363 ಸದಸ್ಯರನ್ನು ಗಾಂಬೆತಾ ಒಂದೇ ಗುಂಪಾಗಿ ಹಿಡಿದಿಟ್ಟ. ತನ್ನನ್ನು ಹುಚ್ಚ ಎಂದಿದ್ದ ತಿಯೇರ್‌ನ ಜೊತೆಗೂ ಕೈಜೋಡಿಸಿದ. ಲಿಲ್ ಊರಿನ ಭಾಷಣದಲ್ಲಿ, ದೇಶ ತನ್ನ ತೀರ್ಪು ಹೇಳಿದ ಮೇಲೆ ತಲೆ ಬಾಗಬೇಕು, ಇಲ್ಲ ಜಾಗ ಬಿಡಬೇಕು ಎಂದ. ಅಧ್ಯಕ್ಷನಿಗೆ ಅವಮಾನ ಎಂದು ಮೂರು ತಿಂಗಳ ಜೈಲು, ಎರಡು ಸಾವಿರ ಫ್ರಾಂಕ್ ದಂಡ ಹಾಕಿದರು. ಜೈಲಿಗೆ ಹೋಗುವ ಹೊತ್ತು ಬರಲೇ ಇಲ್ಲ. ಗಣರಾಜ್ಯದವರು ಚುನಾವಣೆ ಗೆದ್ದರು. ಮಕ್‌ಮಾವೋಂ ಮೊದಲು ತಲೆ ಬಾಗಿದ, 1879ರಲ್ಲಿ ಜಾಗವನ್ನೂ ಬಿಟ್ಟ. ಆವತ್ತಿನಿಂದ ಇಡೀ ಗಣರಾಜ್ಯ ಇದ್ದಷ್ಟು ಕಾಲ ಯಾವ ಅಧ್ಯಕ್ಷನೂ ಸದನ ವಿಸರ್ಜಿಸುವ ಧೈರ್ಯ ಮಾಡಲಿಲ್ಲ.

ಶಾರೋನ್

ಗೆದ್ದ ಮೇಲೆ ಬೆಲ್‌ವಿಲ್ ಕೇಳಿತು: ಈಗೇನು ತಡ? ಮೇಲ್ಮನೆ ತೆಗಿ. ಚರ್ಚನ್ನು ಬೇರೆ ಮಾಡು. ಜೈಲಿನಲ್ಲಿರುವ, ದೇಶಾಂತರದಲ್ಲಿರುವ ನಮ್ಮವರನ್ನು ಕರೆಸು. ಗಾಂಬೆತಾ ತನ್ನದು ಫಲಿತಾಂಶದ ರಾಜಕಾರಣ ಅನ್ನುತ್ತಿದ್ದ, ಒಂದೊಂದೇ ಮೆಟ್ಟಿಲು ಹತ್ತೋಣ ಅಂದ. 1880ರ ಜೂನ್ 21ರಂದು ಸದನದ ಸಭಾಪತಿಯಾಗಿದ್ದ ಅವನು ಪೀಠ ಬಿಟ್ಟು ಕೆಳಗೆ ಇಳಿದು ಬಂದು ಕ್ಷಮಾದಾನದ ಪರ ಮಾತಾಡಿದ. ಈ ಪುಸ್ತಕವನ್ನು ಇನ್ನು ಮುಚ್ಚಿ, ಇರುವುದು ಒಂದೇ ಫ್ರಾನ್ಸ್, ಒಂದೇ ಗಣರಾಜ್ಯ ಎಂದ. ಮಸೂದೆ ಪಾಸಾಯಿತು. ಜುಲೈ 14ರ ಮೊದಲ ರಾಷ್ಟ್ರೀಯ ಹಬ್ಬದ ಹೊತ್ತಿಗೆ ಗಡೀಪಾರಾದವರಿಗೆ ಮನೆಯ ದಾರಿ ತೆರೆದಿತ್ತು. ಒಂಬತ್ತು ವರ್ಷ ತಡವಾಗಿ. ನನಗೆ ಅವನ ಬಲೂನಿಗಿಂತ ಈ ನಾಲ್ಕು ಮೆಟ್ಟಿಲು ಇಳಿದು ಬಂದದ್ದು ದೊಡ್ಡದು. ಬಿಟ್ಟುಬಂದಿದ್ದನ್ನು ತರೋಕೆ ಅವನು ವಾಪಸ್ಸು ಹೋದ.

ಆದರೆ ಕೇರಿಯ ಸಿಟ್ಟು ಇಳಿಯಲಿಲ್ಲ. 1881ರ ಆಗಸ್ಟ್ 16, ಶಾರೋನ್. ಅದೂ ಇದೇ 20ನೇ ವಿಭಾಗ, ಹಳೆಯ ಹಳ್ಳಿ. ಅಲ್ಲಿನ ಸಣ್ಣ ಚರ್ಚು, ಅದರೆದುರಿನ ಕಲ್ಲುಹಾಸಿನ ಬೀದಿ ಈಗಲೂ ಹಳ್ಳಿಯ ಹಾಗೇ ಇವೆ. ಭಾನುವಾರ ನಾನು ಅಲ್ಲಿ ಕಾಫಿ ಕುಡಿಯೋಕೆ ಹೋಗುತ್ತೇನೆ. ಚುನಾವಣೆಯ ಸಭೆ, ಸಾವಿರಾರು ಜನ. ಗಾಂಬೆತಾ ಬಾಯಿ ತೆರೆದರೆ ಶಿಳ್ಳೆ, ಕೂಗಾಟ, ಬೈಗುಳ. ಫ್ರಾನ್ಸಿನ ಅತಿ ದೊಡ್ಡ ಮಾತುಗಾರನಿಗೆ ಒಂದು ವಾಕ್ಯ ಪೂರ್ತಿ ಮಾಡೋಕೆ ಆಗಲಿಲ್ಲ. ಕೊನೆಗೆ ತಾಳ್ಮೆ ಕಳಕೊಂಡು ಅವನೂ ಕೂಗಿದ: ಕುಡಿದ ಗುಲಾಮರೇ, ನೀವು ಯಾವ ಗವಿಯಲ್ಲಿ ಅಡಗಿದ್ದರೂ ಹುಡುಕಿಕೊಂಡು ಬರುತ್ತೇನೆ.

ಈ ಮಾತು ಓದಿದ ದಿನ ನನಗೆ ಬೇಜಾರಾಯಿತು. ಯಾರ ಮೇಲೆ ಎಂದು ಬಹಳ ದಿನ ಗೊತ್ತಾಗಲಿಲ್ಲ. ಅವನು ಹಾಗೆ ಅನ್ನಬಾರದಿತ್ತು. ಅವರ ಅಪ್ಪಂದಿರು ಅಣ್ಣಂದಿರು ಆ ಗೋಡೆಗೆ ಒರಗಿ ಸತ್ತಿದ್ದರು. ಅದೇ ಸಮಯಕ್ಕೆ, ಆ ಗುಂಪಿನ ಮುಂದಿನ ಸಾಲಿನಲ್ಲಿ ನಿಂತು ಕೂಗುವವನ ಗಂಟಲು ಹೇಗಿರುತ್ತದೆ ಎಂದು ನನಗೆ ಗೊತ್ತು. ಕೂಗುವಾಗ ಎದುರಿರುವವನು ಮನುಷ್ಯ ಅನ್ನುವುದೇ ಮರೆತುಹೋಗುತ್ತದೆ.

ಆಮೇಲಿನದು ಬೇಗ ಮುಗಿಯುತ್ತದೆ. ನವೆಂಬರಿನಲ್ಲಿ ಕೊನೆಗೂ ಪ್ರಧಾನಿಯಾದ. ದೊಡ್ಡವರೆಲ್ಲ ಸೇರಿ 'ಮಹಾ ಸರ್ಕಾರ' ಆಗುತ್ತದೆ ಎಂದಿದ್ದರು, ದೊಡ್ಡವರು ಯಾರೂ ಬರಲಿಲ್ಲ. ಎರಡೂವರೆ ತಿಂಗಳಲ್ಲಿ ಬಿತ್ತು. 1882ರ ನವೆಂಬರಿನಲ್ಲಿ ಪ್ಯಾರಿಸ್ ಹೊರಗಿನ ಸಣ್ಣ ಮನೆಯಲ್ಲಿ ರಿವಾಲ್ವರ್ ಕೈಯಲ್ಲಿ ಹಿಡಿದಿದ್ದಾಗ ಗುಂಡು ಸಿಡಿಯಿತು. ಗಾಯ ವಾಸಿಯಾಗುತ್ತಾ ಬಂದಾಗ ಹೊಟ್ಟೆನೋವು ಶುರುವಾಯಿತು, ಅಪೆಂಡಿಕ್ಸ್. ವೈದ್ಯರು ಕತ್ತಿ ಹಾಕೋಕೆ ಹಿಂಜರಿದರು. ಡಿಸೆಂಬರ್ 31ರ ರಾತ್ರಿ, ಹೊಸ ವರ್ಷಕ್ಕೆ ಇನ್ನು ಕೆಲವೇ ನಿಮಿಷ ಇದ್ದಾಗ ಹೋದ. 44 ವರ್ಷ. ಮದುವೆಯಾಗಬೇಕು ಅಂದುಕೊಂಡಿದ್ದ ಲೆಯೋನಿ ಲೆಯೋಂ ಹತ್ತಿರವಿದ್ದಳು. ಅಪ್ಪ ಹಟ ಹಿಡಿದು ಹೆಣವನ್ನು ತಾನಿದ್ದ ನೀಸ್ ಊರಿಗೆ ತರಿಸಿಕೊಂಡ. ಹೃದಯ ಮಾತ್ರ ಪ್ಯಾರಿಸ್ ಕಡೆಯೇ ಉಳಿಯಿತು. 1920ರ ನವೆಂಬರ್ 11ರಂದು, ಅಜ್ಞಾತ ಸೈನಿಕನ ಶವಪೆಟ್ಟಿಗೆಯ ಜೊತೆಗೇ ಅದರ ಮೆರವಣಿಗೆ ಆಯಿತು. ಈಗ ಅದು ಪಾಂತೆಯೋನಿನಲ್ಲಿ ಒಂದು ಕಲ್ಲಿನ ಕುಂಡದೊಳಗಿದೆ.

ಪಟ್ಟಿ

ಬೆಲ್‌ವಿಲ್ ಜನ ಕೊಟ್ಟ ಪಟ್ಟಿಯನ್ನು ನಾನು ಒಂದು ಸಂಜೆ ಪೆನ್ನು ಹಿಡಿದು ಗುರುತು ಹಾಕುತ್ತಾ ಕೂತೆ. ಪತ್ರಿಕೆಗೆ, ಸಭೆಗೆ ಸ್ವಾತಂತ್ರ್ಯ: 1881. ಪುಕ್ಕಟೆ ಶಾಲೆ: 1881. ಕಡ್ಡಾಯ, ಧರ್ಮದ ಹಂಗಿಲ್ಲದ ಶಾಲೆ: 1882, ಮಂತ್ರಿ ಜೂಲ್ ಫೆರಿಯ ಕೈಯಿಂದ. ಸಂಘ ಕಟ್ಟುವ ಹಕ್ಕು: 1901. ಚರ್ಚು ಬೇರೆಯಾದದ್ದು: 1905. ಕಾಯಂ ಸೈನ್ಯ ಇವತ್ತಿಗೂ ಇದೆ. ಮೇಲ್ಮನೆಯೂ ಇದೆ. ಪಟ್ಟಿಯ ಅರ್ಧಕ್ಕೂ ಜಾಸ್ತಿ ಕೈಗೂಡಿತು, ಆದರೆ ಅದನ್ನು ಬರೆದ ಎಷ್ಟೋ ಜನ ನೋಡೋಕೆ ಉಳಿದಿರಲಿಲ್ಲ.

ಪಟ್ಟಿಯಲ್ಲಿ ಇರದಿದ್ದವರೂ ಇದ್ದಾರೆ. ಎಲ್ಲರಿಗೂ ಮತ ಅಂದಾಗ ಅದು ಗಂಡಸರಿಗೆ ಮಾತ್ರ. ಫ್ರಾನ್ಸಿನ ಹೆಂಗಸರಿಗೆ ಮತದ ಹಕ್ಕು ಬಂದದ್ದು 1944ರಲ್ಲಿ. ನಮ್ಮ ದೇಶದ ಮೊದಲ ಮಹಾಚುನಾವಣೆಯಲ್ಲಿ ನಮ್ಮ ಅಜ್ಜಿಯರು ಸಾಲಿನಲ್ಲಿ ನಿಂತಿದ್ದರು ಅನ್ನುವುದನ್ನು ಇಲ್ಲಿನವರಿಗೆ ಹೇಳುವಾಗ ನನಗೆ ಹೆಮ್ಮೆ ಆಗುತ್ತದೆ. 1881ರಲ್ಲಿ ಫೆರಿ ಟುನೀಶಿಯಾವನ್ನು ಹಿಡಿದಾಗ ಗಾಂಬೆತಾ ಬೆನ್ನು ತಟ್ಟಿದ, ಫ್ರಾನ್ಸ್ ಮತ್ತೆ ದೊಡ್ಡ ದೇಶ ಆಯಿತು ಎಂದ. ಆಲ್ಸೇಸ್ ಕೈಬಿಟ್ಟಾಗ ಎದ್ದು ಹೋದವನು ಅವನೇ. ಇನ್ನೊಬ್ಬರ ನೆಲದ ವಿಷಯ ಬಂದಾಗ ಆ ನೋವು ಎಲ್ಲಿ ಹೋಯಿತು? ಬ್ರಿಟಿಷರು ಆಳಿದ ನಾಡಿನಿಂದ ಬಂದ ನನಗೆ ಇದನ್ನು ದಾಟಿಹೋಗೋಕೆ ಆಗುವುದಿಲ್ಲ.

ಕಳೆದ ಯುಗಾದಿಗೆ ಆ ಅಣ್ಣನಿಗೆ ಫೋನ್ ಮಾಡಿದೆ. ಈಗ ಗದಗ ಕಡೆ ವಕೀಲ. ಹಬ್ಬದ ಮಾತು ಮುಗಿದ ಮೇಲೆ ಧೈರ್ಯ ಮಾಡಿ ಆ ರಾತ್ರಿಯ ವಿಷಯ ಎತ್ತಿದೆ, ನಾನು ಕೂಗಿದ್ದಕ್ಕೆ ಕ್ಷಮೆ ಕೇಳಿದೆ. "ನೀ ಕೂಗಿದ್ದು ನನಗ ನೆನಪೂ ಇಲ್ಲೋ ತಮ್ಮಾ" ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಹುಡುಗ ಇದ್ನಲ್ಲ, ಏಟು ತಿಂದಾಂವ, ಅವಾ ಇವತ್ತಿಗೂ ನನ್ನ ಕೂಡ ಮಾತಾಡಂಗಿಲ್ಲ. ಅವಂದು ಖರೇನ ಅದ. ನೀರು ನಿಮ್ಮೆಲ್ಲರದು, ಆ ಮೂರನೇದು ಅವನೊಬ್ಬಂದು. ಮುಂದ ನೋಡೂಣು ಅಂದೆ. ಆಮ್ಯಾಲೆ ನೋಡಲೇ ಇಲ್ಲ" ಅಂದ.

ನಾನು ಗಾಂಬೆತಾನ ಕಥೆ ಹೇಳಿದೆ. ಬಲೂನು, ಒಂದು ಮತ, ಶಾರೋನ್ ಎಲ್ಲ. ಅವನು ಮಧ್ಯೆ ಮಾತಾಡದೆ ಕೇಳಿದ. ಕೊನೆಗೆ ಒಂದೇ ಪ್ರಶ್ನೆ ಕೇಳಿದ: "ಅಲ್ಲೋ, ಹಂಗ ಬೈದ ಮ್ಯಾಲೆ ಆ ಜನಾ ಅವಗ ಓಟು ಹಾಕಿದ್ರೇನು?"

ಆ ಸಲ ಅವನು ಇಲ್ಲಿ ಎರಡು ಕ್ಷೇತ್ರದಲ್ಲಿ ನಿಂತಿದ್ದ ಅಣ್ಣಾ, ಅಂದೆ. ಒಂದರಲ್ಲಿ ಗೆದ್ದ. ಇನ್ನೊಂದರಲ್ಲಿ ಸಾಕಷ್ಟು ಮತ ಬರಲಿಲ್ಲ, ಎರಡನೇ ಸುತ್ತಿಗೆ ಮೊದಲೇ ಹಿಂದೆ ಸರಿದ.

"ಹೂಂ" ಅಂದ. ಆಮೇಲೆ ಆ ಹುಡುಗನ ನಂಬರ್ ನನ್ನ ಹತ್ತಿರ ಇದೆಯಾ ಎಂದು ಕೇಳಿದ.